ಸ್ಪಷ್ಟನೆ: ಕ್ಯಾಪ್ಟನ್ ವಯಸ್ಸು 36 ಅಲ್ಲ, 28 ಕೂಡ ಅಲ್ಲ

'ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?' ಚೀನಾದ ಐದನೇ ತರಗತಿಯ ಈ ಪ್ರಶ್ನೆ ಅಚ್ಚಿನ ತಪ್ಪು, ಸರಿಯುತ್ತರ 28 ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಪ್ರಶ್ನೆ ಬಂದದ್ದು ಸಿಚುವಾನ್ ಪ್ರಾಂತ್ಯದ ಶುನ್‌ಚಿಂಗ್ ಜಿಲ್ಲೆಯಲ್ಲಿ; ಸುದ್ದಿಯಾಗಿದ್ದು 2018ರ ಜನವರಿಯಲ್ಲಿ. ಮಕ್ಕಳು ಸ್ವಂತವಾಗಿ ಯೋಚಿಸುತ್ತಾರಾ ಎಂದು ನೋಡಲು ಬೇಕೆಂದೇ ಕೇಳಿದ್ದು ಎಂದು ಅಲ್ಲಿನ ಶಿಕ್ಷಣ ಇಲಾಖೆಯೇ ಹೇಳಿತು.

ಇನ್ನು 28ರ ಕಥೆ. ಕುರಿ-ಮೇಕೆಗಳ ತೂಕ ಸುಮಾರು 7,700 ಕಿಲೋ, ಚೀನಾದಲ್ಲಿ ಅಷ್ಟು ಸರಕಿಗೆ ಐದು ವರ್ಷ ಹಳೆಯ ಹಡಗು ಲೈಸೆನ್ಸ್ ಬೇಕು, ಲೈಸೆನ್ಸ್ ಸಿಗುವುದು 23ಕ್ಕೆ, ಹಾಗಾಗಿ ಕನಿಷ್ಠ 28 ಎಂದು ಯಾರೋ ಆನ್‌ಲೈನ್‌ನಲ್ಲಿ ಬರೆದರು. ಜಾಣತನವೇನೋ ಹೌದು. ಆದರೆ ಪ್ರಶ್ನೆಯಲ್ಲಿ ತೂಕವೂ ಇಲ್ಲ, ಯಾವ ದೇಶದ ಹಡಗು ಅನ್ನುವುದೂ ಇಲ್ಲ. ಎಲ್ಲ ಒಪ್ಪಿಕೊಂಡರೂ ಸಿಗುವುದು 'ಕನಿಷ್ಠ 28' ಅಷ್ಟೇ. ಕ್ಯಾಪ್ಟನ್‌ಗೆ 60 ಆಗಿರಬಾರದಾ?

ಈ ಲೆಕ್ಕ ಚೀನಾದ್ದೂ ಅಲ್ಲ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ 1979ರ ಹೊತ್ತಿಗೇ ಸಂಶೋಧಕರು ಇದನ್ನು 97 ಪುಟ್ಟ ಮಕ್ಕಳಿಗೆ ಕೊಟ್ಟಿದ್ದರು. 76 ಮಕ್ಕಳು ಅಲ್ಲಿದ್ದ ಅಂಕಿಗಳನ್ನೇ ಬಳಸಿ ಲೆಕ್ಕ ಮಾಡಿ ಉತ್ತರ ಬರೆದರು. ಅವರು ದಡ್ಡರಲ್ಲ. 'ಒಟ್ಟು' ಕಂಡರೆ ಕೂಡು, 'ಉಳಿದದ್ದು' ಕಂಡರೆ ಕಳೆ ಎಂದು ನಾವೇ ಕಲಿಸಿರುತ್ತೇವೆ, ಅಲ್ವಾ?

'ಕೊಟ್ಟಿರುವ ಮಾಹಿತಿ ಸಾಲದು, ವಯಸ್ಸು ಹೇಳಲಾಗದು' ಎಂದು ಬರೆದ ಮಗುವಿಗೆ ದಯವಿಟ್ಟು ಪೂರ್ತಿ ಅಂಕ ಕೊಡಿ.