ಲೈಟ್ ಆರಿಸಿದ ಮೇಲೆ ವಾರ್ತೆಗಳು

ನಮ್ಮನೆಯಲ್ಲಿ ಒಂಬತ್ತೂವರೆಗೆ ಲೈಟ್ ಆರುತ್ತದೆ. ಮರುಕ್ಷಣ ವಾರ್ತೆ ಶುರು. ಓದುವವಳು ಎರಡೂವರೆ ವರ್ಷದ ಪುಟ್ಟಿ. ಕೇಳುವವರು, ಅವಳ ಆಚೀಚೆ ಕಣ್ಣು ಮುಚ್ಚಿಕೊಂಡು ಕೊರಡಿನ ಹಾಗೆ ಬಿದ್ದಿರುವ ಅಪ್ಪ, ಅಮ್ಮ.

ಮಿಸುಕಾಡುವ ಹಾಗಿಲ್ಲ. ಕೆಮ್ಮಿದರೆ ಮುಗೀತು. "ಅಮ್ಮ ಎದ್ದಿದೆ!" ಅಂತ ನೀರು, ಸೂಸು, ಕಥೆ ಎಲ್ಲ ಮೊದಲಿನಿಂದ. ಅದಕ್ಕೇ ನಾವು ನಿದ್ದೆಯ ನಾಟಕ ಆಡುತ್ತೇವೆ. ನಮ್ಮವರು ಐದೇ ನಿಮಿಷಕ್ಕೆ ಪಾತ್ರದಲ್ಲಿ ಎಷ್ಟು ಮುಳುಗುತ್ತಾರೆಂದರೆ ಗೊರಕೆಯೂ ಬರುತ್ತದೆ.

"ಆನೆ ಇಲ್ಲ. ಗೇಟ್ ಹಾಕಿದೆ. ಆನೆಗೆ ರಜಾ. ಅಪ್ಪ ಪೆದ್ದ."

ಮಂಗಳವಾರ ಮೈಸೂರು ಝೂಗೆ ರಜೆ ಅಂತ ಊರಿಗೆಲ್ಲ ಗೊತ್ತು. ಸರಸ್ವತಿಪುರಂನಲ್ಲೇ ಹುಟ್ಟಿ ಬೆಳೆದ ಇವರಿಗೆ ಮಾತ್ರ ಗೇಟಿನ ಮುಂದೆ ನಿಂತ ಮೇಲೆ ನೆನಪಾಗಿತ್ತು. ವಾರ್ತೆಯ ಕೊನೆಯ ಸಾಲು ನಾನು ಹೇಳಿಕೊಟ್ಟಿದ್ದಲ್ಲ. ಗೇಟಿನ ಹತ್ತಿರ ಬಾಯಿ ಜಾರಿರಬಹುದು, ಅಷ್ಟೇ.

ಆಮೇಲೆ ಆ ಆನೆಯನ್ನೇ ಹಿಡಿದುಕೊಂಡಳು. "ಆನೆ. ಆನೆಗೆ. ಆನೆದು. ಆನೆ ಬಂತು. ಆನೆ ಬರಲ್ಲ. ಆನೆ ಬಂತಾ?" ವಿಭಕ್ತಿ ಪ್ರತ್ಯಯಗಳನ್ನು ನಾನು ಕಲಿತದ್ದು ಮೇಷ್ಟ್ರ ಬೆತ್ತದಿಂದ. ಇವಳು ದಿಂಬಿನ ಮೂಲೆ ಹಿಂಡುತ್ತಾ ಬಿಟ್ಟಿಯಾಗಿ ಕಲಿಯುತ್ತಿದ್ದಾಳೆ. ವರ್ಷದ ಹಿಂದೆ, ಮಗು ಹತ್ತು ಮಾತೂ ಆಡಲ್ಲವಲ್ಲ, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ಗೆ ತೋರಿಸೋಣವಾ ಅಂತ ತಲೆ ಕೆಡಿಸಿಕೊಂಡಿದ್ದವರೂ ನಾವೇ.

ಇದೇನು ಗಾಳಿ ಗೀಳಿ ಸೋಕಿದೆಯಾ ಅಂತ ಹೊದಿಕೆಯೊಳಗೆ ಮೊಬೈಲ್ ಹಿಡಿದು ಹುಡುಕಿದೆ. ರೂತ್ ವಿಯರ್ ಎಂಬ ಭಾಷಾಶಾಸ್ತ್ರಜ್ಞೆ, ತಮ್ಮ ಎರಡೂವರೆ ವರ್ಷದ ಮಗ ನಿದ್ದೆಗೆ ಮುಂಚೆ ಒಬ್ಬನೇ ಆಡುವ ಮಾತನ್ನು ಟೇಪ್ ಮಾಡಿ, 1962ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರಂತೆ. ಅವನೂ ಹೀಗೇ, ವಾಕ್ಯದಿಂದ ಒಂದು ಪದ ತೆಗೆದು ಇನ್ನೊಂದು ಕೂರಿಸಿ ನೋಡುತ್ತಿದ್ದ. ಎಮಿಲಿ ಎಂಬ ಇನ್ನೊಂದು ಮಗುವಿನ ಮಾತನ್ನು 21ನೇ ತಿಂಗಳಿಂದ ಮೂರು ವರ್ಷದವರೆಗೆ ಟೇಪ್ ಮಾಡಿದ್ದರು. ಅಪ್ಪ ಅಮ್ಮನ ಜೊತೆ ಆಡುವ ಮಾತಿಗಿಂತ ಒಬ್ಬಳೇ ಇದ್ದಾಗಿನ ಮಾತೇ ಉದ್ದ, ಅದೇ ಚೆನ್ನ. ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅಂತಲೂ ಇತ್ತು. ಅದನ್ನು ಪುಟ್ಟಿಗೆ ಯಾರು ಓದಿ ಹೇಳಬೇಕು?

ಹೋದ ತಿಂಗಳು ಮಂಡ್ಯದಿಂದ ಅತ್ತೆ ಬಂದರು. ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಅವರು ಬಂದರೆ ಅಡುಗೆಮನೆ ಅವರದು. ಬಸ್ಸಾರು ಅಂದರೆ ಅವರ ಕೈಯದೇ ಆಗಬೇಕು, ಉಪ್ಪು ಮಾತ್ರ ಒಂದು ಚೂರು ಮುಂದು. ಈ ಸಂಗತಿಯನ್ನು ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು ಗೆಳತಿಗೆ ಫೋನಿನಲ್ಲಿ ಹೇಳಿದ್ದೆ. ಪುಟ್ಟಿ ನನ್ನ ಕಾಲ ಬಳಿ ಕೂತು ಬಟ್ಟೆ ಕ್ಲಿಪ್ಪು ಜೋಡಿಸುತ್ತಿದ್ದಳು.

ಅವತ್ತಿನ ವಾರ್ತೆ ದಿಂಬಿನ ಮೂಲೆಯನ್ನು ಕಿವಿಗಿಟ್ಟುಕೊಂಡೇ ಶುರುವಾಯಿತು.

"ಹಲೋ. ಹ್ಞೂ ಕಣೇ." ಸ್ವಲ್ಪ ಹೊತ್ತು ಸುಮ್ಮನಾದಳು. ಆ ಕಡೆಯವರು ಮಾತಾಡಲಿ ಅಂತ. "ಅಯ್ಯೋ, ಉಪ್ಪು ಕಣೇ ಉಪ್ಪು." ಮತ್ತೆ ಮೌನ. "ಬಾಯ್ಗೆ ಇಡಕ್ಕಾಗಲ್ಲ." ಕೊನೆಗೆ ಥೇಟ್ ನನ್ನ ಹಾಗೇ ಮೂಗಿನಲ್ಲಿ ಒಂದು ನಗು.

ನಾಟಕ ಬಿಟ್ಟು ಜೋರಾಗಿ ಕೆಮ್ಮಿದೆ. ನೀರು ಕೇಳಲಿ, ಹತ್ತು ಕಥೆ ಕೇಳಲಿ, ಏನಾದರೂ ಕೇಳಲಿ. ಅವಳು ನನ್ನ ಕೆನ್ನೆ ತಟ್ಟಿ, "ತಾಚಿ ಅಮ್ಮ, ತಾಚಿ" ಅಂದು ಮುಂದುವರಿಸಿದಳು. "ಉಪ್ಪು. ಉಪ್ಪಿಗೆ. ಅಜ್ಜಿ ಉಪ್ಪು. ಅಜ್ಜಿದು ಉಪ್ಪು."

ಚಾಪೆಯಿಂದ ಸದ್ದಿಲ್ಲ. ದಿನಾ ಆ ಹೊತ್ತಿಗೆ ಬರಬೇಕಾದ ಗೊರಕೆಯೂ ಇಲ್ಲ.

ಬೆಳಿಗ್ಗೆ ತಿಂಡಿಗೆ, ಬೇರೇನೂ ಸಿಗಲಿಲ್ಲವೇನೋ, ಉಪ್ಪಿಟ್ಟು. ಎಸರು ಕುದಿಯುತ್ತಿತ್ತು. ಅತ್ತೆ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಉಪ್ಪ ನೀನೇ ಹಾಕ್ಬುಡವ್ವ" ಅಂದರು. ಮುಖ ನೋಡುವ ಧೈರ್ಯ ಬರಲಿಲ್ಲ. ಹೆದರಿ ಒಂದು ಚಿಟಿಕೆ ಹಾಕಿದೆ.

ರಾತ್ರಿಯೆಲ್ಲ ಗೊರಕೆ ಹೊಡೆದಿದ್ದ ನಮ್ಮವರು ಒಂದು ತುತ್ತು ಬಾಯಿಗಿಟ್ಟು, "ಇದೇನಮ್ಮಾ, ಉಪ್ಪೇ ಇಲ್ಲ?" ಅಂದರು.

ಅತ್ತೆ ಮೊಮ್ಮಗಳ ಬಾಯಿ ಒರೆಸುತ್ತಾ ಹೇಳಿದರು, "ನಂಗೇನ್ ಗೊತ್ತಪ್ಪ. ಪುಟ್ಟಿ ತಾವ ಫೋನ್ ಅದೆ, ಮಾಡಿ ಕೇಳು."