ಆಕಾರವೂ ಜಾಹೀರಾತೇ, ರುಚಿಯೂ ಜಾಹೀರಾತೇ

ನಾನು ಹೈಸ್ಕೂಲ್ ಟೀಚರ್ ಅಂತ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಸ್ಟಾಫ್ ರೂಮಿನ ಮೇಜಿನ ಮೇಲೆ ಗುಲಾಬಿ ಬಣ್ಣದ ಹೈಲೈಟರ್ ಒಂದಿತ್ತು. ಕ್ಯಾಪ್ ತೆಗೆದರೆ ಬರೆಯುವ ತುದಿ ಇಲ್ಲ, ಬಾಯಿಗಿಟ್ಟು ಎಳೆಯುವ ತೂತು. ಮೂಸಿದರೆ ಕಲ್ಲಂಗಡಿ ವಾಸನೆ. ಎಂಟನೇ ಕ್ಲಾಸಿನ ಹುಡುಗನ ಪೆನ್ಸಿಲ್ ಬಾಕ್ಸಿನಲ್ಲಿ ಸಿಕ್ಕಿದ ವೇಪ್, ಅಂದರೆ ಇ-ಸಿಗರೇಟು ಅದು. ಅವನನ್ನು ಸಸ್ಪೆಂಡ್ ಮಾಡಬೇಕು ಅಂತ ಮಾತು ನಡೆದಿದೆ. ನನಗೆ ಸಿಟ್ಟು ಬಂದಿರುವುದು ಅವನ ಮೇಲಲ್ಲ. ಅದನ್ನು ಹೈಲೈಟರ್ ತರ ಮಾಡಿದವರ ಮೇಲೆ.

ಕಾನೂನು ಇಲ್ಲ ಅಂತಲ್ಲ. ಅಮೆರಿಕದಲ್ಲಿ 2019ರ ಡಿಸೆಂಬರ್‌ನಿಂದ 21 ತುಂಬದವರಿಗೆ ವೇಪ್ ಮಾರುವಂತಿಲ್ಲ. ಭಾರತದ 2019ರ ಕಾಯ್ದೆ ತಯಾರಿ, ಮಾರಾಟ, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಆದರೆ ಜಾಹೀರಾತು ಅಂದರೆ ಬೋರ್ಡು, ಟೀವಿ, ಪೇಪರ್ ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ಈ ಗುಲಾಬಿ ಪೆನ್ನಿಗೆ ಬೋರ್ಡು ಯಾಕೆ ಬೇಕು? ಒಬ್ಬ ಜೇಬಿನಿಂದ ತೆಗೆದರೆ ಸಾಕು, ಪಕ್ಕದ ಬೆಂಚಿನವರೆಲ್ಲ ನೋಡುತ್ತಾರೆ. ಅಂಗಡಿಯವನಿಗೆ ಗಿರಾಕಿಯ ವಯಸ್ಸು ಕೇಳು ಅನ್ನುತ್ತದೆ ಅಮೆರಿಕದ ಕಾನೂನು. ಇದನ್ನು ಯಾರಿಗೆ ಅಂತ ಮಾಡಿದೆ ಎಂದು ಕಾರ್ಖಾನೆಯವನನ್ನು ಕೇಳುವುದು ಯಾವಾಗ?

ಅಮೆರಿಕದ ವೇಪ್ ಕಂಪನಿ ಜೂಲ್‌ನ ಕತೆ ನೋಡಿ. 2015ರಲ್ಲಿ ಪೆನ್ ಡ್ರೈವ್ ತರದ ವೇಪ್ ತಂದರು. ಜಾಹೀರಾತಿನಲ್ಲಿ ಎಳೆ ಮುಖದ ಮಾಡೆಲ್‌ಗಳು, ಕಣ್ಣು ಕುಕ್ಕುವ ಬಣ್ಣಗಳು. ಮಕ್ಕಳನ್ನು ಸೆಳೆದರು ಎಂಬ ಆರೋಪದ ಮೇಲೆ 30ಕ್ಕೂ ಹೆಚ್ಚು ರಾಜ್ಯಗಳ ಜೊತೆ ಸುಮಾರು 44 ಕೋಟಿ ಡಾಲರಿನ ರಾಜಿಗೆ ಒಪ್ಪಿದ್ದು 2022ರಲ್ಲಿ. ಇನ್ನು 35 ವರ್ಷದೊಳಗಿನವರನ್ನು ಜಾಹೀರಾತಿನಲ್ಲಿ ತೋರಿಸುವಂತಿಲ್ಲ, ಕಾರ್ಟೂನ್ ಬಳಸುವಂತಿಲ್ಲ ಎಂಬ ಷರತ್ತುಗಳೂ ಬಂದವು. ಒಳ್ಳೆಯದೇ. ಆದರೆ 2015ರಲ್ಲಿ 14 ವರ್ಷದವಳಾಗಿದ್ದ ಹುಡುಗಿಗೆ ಅಷ್ಟರಲ್ಲಿ 21 ಆಗಿತ್ತು. ಮೆದುಳು ಬೆಳೆಯುವುದು ಸುಮಾರು 25ರವರೆಗೆ ಅನ್ನುತ್ತಾರೆ ಡಾಕ್ಟರುಗಳು. ನಿಕೋಟಿನ್ ಹಿಡಿತಕ್ಕೆ ಸಿಕ್ಕ ಆ ವರ್ಷಗಳನ್ನು ಅವಳಿಗೆ ಯಾರು ವಾಪಸ್ ಕೊಡುತ್ತಾರೆ?

ಹೆಸರುಗಳನ್ನಾದರೂ ನೋಡಿ. ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದ ಕೇಸೊಂದರಲ್ಲಿ ಒಂದು ವೇಪ್ ದ್ರವದ ಹೆಸರು ‘ಸುಯಿಸೈಡ್ ಬನ್ನಿ ಮದರ್ಸ್ ಮಿಲ್ಕ್ ಅಂಡ್ ಕುಕೀಸ್’. ತಾಯಿಯ ಹಾಲು, ಬಿಸ್ಕತ್ತು! ಓದಿ ಮೈ ಉರಿಯಿತು. ಇದಕ್ಕೆ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಕೊಟ್ಟಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೋರ್ಟು ಒಮ್ಮತದಿಂದ ಎಫ್‌ಡಿಎ ಪರ ನಿಂತಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ರುಚಿಯೇ ಮಕ್ಕಳನ್ನು ಎಳೆಯುತ್ತದೆ ಅನ್ನುವ ಮಾತಿಗೆ ಅಲ್ಲಿ ಬೆಲೆ ಸಿಕ್ಕಿತು.

ಸಿಗರೇಟು ಬಿಡಲು ದೊಡ್ಡವರಿಗೆ ಇದು ಬೇಕಲ್ವಾ ಅನ್ನುತ್ತೀರಿ. ಬೇಕಾದರೆ ಸಿಗಲಿ. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ವೇಪ್ ಸಿಗುವುದು ಔಷಧಿ ಅಂಗಡಿಯಲ್ಲಿ ಮಾತ್ರ. ಪುದೀನ, ಮೆಂಥಾಲ್, ತಂಬಾಕು ಬಿಟ್ಟರೆ ಬೇರೆ ರುಚಿ ಇಲ್ಲ. ನಿಜವಾಗಿ ಸಿಗರೇಟು ಬಿಡಬೇಕು ಅನ್ನುವವರಿಗೆ ಅಷ್ಟು ಸಾಕು.

ಅಪ್ಪ ಅಮ್ಮ ಗಮನಿಸಬೇಕು ಅನ್ನುವವರೂ ಇದ್ದಾರೆ. ಅಪ್ಪ ಅಮ್ಮನ ಕಣ್ಣಿಗೆ ಬೀಳಬಾರದು ಅಂತಲೇ ಮಾಡಿದ ವಸ್ತುವನ್ನು ಅವರು ಹೇಗೆ ಗಮನಿಸುತ್ತಾರೆ, ಹೇಳಿ?

ಗೆಳೆಯರಲ್ಲಿ ವಕೀಲರು ಒಂದಿಬ್ಬರು ಇದ್ದೀರಿ. ಆಕಾರ, ಬಣ್ಣ, ರುಚಿ, ಹೆಸರು ಎಲ್ಲವನ್ನೂ ಜಾಹೀರಾತು ಅಂತಲೇ ಪರಿಗಣಿಸಬೇಕು ಎಂದು ಒಂದು ಮನವಿ ಬರೆಯಲು ಹೊರಟಿದ್ದೇನೆ. ಕರಡು ನಾನು ಮಾಡುತ್ತೇನೆ, ದಯವಿಟ್ಟು ತಿದ್ದಿಕೊಡಿ.