ಹಾಲಾಂಗ್‌ನಲ್ಲಿ ಎಷ್ಟು ಲೋಡು ಜಲ್ಲಿ?

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಎದುರಿಗೆ ಸಿಗುವ ಮೂವರಲ್ಲಿ ಒಬ್ಬರು ವಿಯೆಟ್ನಾಂ ನೋಡಿ ಬಂದವರು. ಇನ್ನೊಬ್ಬರು ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಕೊಟ್ಟವರು. ಮೂರನೆಯವನು ನಾನಿದ್ದೆ. ಎಷ್ಟು ದಿನ ಅಂತ ಬೇರೆಯವರ ಫೋನಿನಲ್ಲಿ ಬೋಟು ನೋಡೋದು? ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಗುಂಪಿನ ಜೊತೆ ಹೊರಟೇಬಿಟ್ಟೆವು. ಇಪ್ಪತ್ತೆರಡು ಜನ. ಅರ್ಧ ಮೈಸೂರು, ಅರ್ಧ ಮಂಡ್ಯ. ಮೈಸೂರಿನವರು ಚಟ್ನಿಪುಡಿ ತಂದಿದ್ದರು, ಮಂಡ್ಯದವರು ನಿಪ್ಪಟ್ಟು. ಎರಡನೇ ದಿನಕ್ಕೆ ಎರಡೂ ಡಬ್ಬಿ ಒಂದಾದವು.

ಗುಂಪಿನಲ್ಲಿ ಒಬ್ಬರು ಜಲ್ಲಿ ಕ್ರಷರ್ ಮಾಲೀಕರಿದ್ದರು. ಹೆಸರು ಬೇಡ, ಊರೂ ಬೇಡ. ಎಲ್ಲರೂ ಅಣ್ಣಯ್ಯ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕೈ ಧಾರಾಳ. ವಿಮಾನದಲ್ಲಿ ಅಕ್ಕಪಕ್ಕದ ಸಾಲಿಗೆಲ್ಲ ಕಾಫಿ ಕೊಡಿಸಿದವರು. ಅವರ ಜೊತೆಗೇ ಸದಾ ಅಂಟಿಕೊಂಡಿದ್ದವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರ್. ಇವರಿಬ್ಬರ ನಡುವೆ ಕೂತು ನಾನು ನೋಡಿದ ಹಾಲಾಂಗ್ ಕೊಲ್ಲಿಯನ್ನು ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಹನೋಯ್‌ನಿಂದ ಎರಡೂವರೆ ಗಂಟೆ ಬಸ್ಸು. ನಡುವೆ ಒಂದು ಮುತ್ತಿನ ಅಂಗಡಿ ಮುಂದೆ ನಿಲ್ಲಿಸಿದರು. ಹೆಂಗಸರು ಒಳಗೆ, ಗಂಡಸರು ಹೊರಗೆ, ಪರ್ಸು ಬಾಗಿಲಲ್ಲಿ. ಅದು ಬಿಡಿ. ಬಂದರಿನಲ್ಲಿ ಬೋಟ್ ಹತ್ತಿದೆವು. ಬೋಟ್ ಅಂದರೆ ನಮ್ಮ ಕಾರಂಜಿ ಕೆರೆಯ ಪೆಡಲ್ ಬೋಟ್ ಅಲ್ಲ. ರಂಗನತಿಟ್ಟಿನಲ್ಲಿ ಹುಟ್ಟು ಹಾಕುತ್ತಾ "ಮೊಸಳೆ ಸಾರ್, ಕೈ ಒಳಗಿಟ್ಕೊಳಿ" ಅನ್ನುವ ದೋಣಿಯೂ ಅಲ್ಲ. ಮೂರು ಅಂತಸ್ತು. ಒಳಗೆ ಬಫೆ ಊಟ, ಮೇಲೆ ಬಿಸಿನೀರಿನ ತೊಟ್ಟಿ. ತೊಟ್ಟಿಗೆ ಜಕುಜಿ ಅಂತ ಹೆಸರು. ನಮ್ಮ ಗುಂಪಿನ ಅಜ್ಜಿ ಒಬ್ಬರು ಅದನ್ನೂ ನೋಡಿ, ಸಮುದ್ರವನ್ನೂ ನೋಡಿ, "ಇಷ್ಟೊಂದು ನೀರಿನ ಮಧ್ಯೆ ಮತ್ತೊಂದು ತೊಟ್ಟಿ ಯಾಕಪ್ಪ?" ಅಂದರು. ಲಕ್ಷುರಿ ಅಂದರೆ ಏನು ಅನ್ನೋದು ನನಗೆ ಅವತ್ತೇ ಅರ್ಥವಾಗಿದ್ದು.

ಅರ್ಧ ಗಂಟೆಯಲ್ಲಿ ಬೆಟ್ಟಗಳು ಶುರುವಾದವು. ನಿಜ ಹೇಳಬೇಕು, ಎಲ್ಲರ ಬಾಯಿ ಮುಚ್ಚಿಹೋಯಿತು. ಹಸಿರು ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬೆಟ್ಟಗಳು. ಒಂದರ ಹಿಂದೆ ಒಂದು, ಅದರ ಹಿಂದೆ ಮಂಜಿನಲ್ಲಿ ಮಸುಕಾಗಿ ಇನ್ನೊಂದು. ಸಣ್ಣವು ದೊಡ್ಡವು ಸೇರಿ ಸುಮಾರು 1,600. ತಾಯಿ ಡ್ರ್ಯಾಗನ್ ಒಂದು ಆಕಾಶದಿಂದ ಇಳಿದು ಶತ್ರುಗಳ ಮೇಲೆ ಮುತ್ತು ಉಗುಳಿತು, ಮುತ್ತು ಬಿದ್ದಲ್ಲೆಲ್ಲ ಬೆಟ್ಟ ಎದ್ದಿತು ಅಂತ ಅಲ್ಲಿನ ಕಥೆ. ಹಾಲಾಂಗ್ ಅಂದರೆ ಇಳಿದು ಬಂದ ಡ್ರ್ಯಾಗನ್ ಅಂತಲೇ ಅರ್ಥ. ಕಥೆ ಸಾಲದವರಿಗೆ ಎಂಜಿನಿಯರ್ ಇದ್ದರು. 30 ಕೋಟಿ ವರ್ಷದ ಆಸುಪಾಸಿನಲ್ಲಿ ಸಮುದ್ರದ ತಳದಲ್ಲಿ ಚಿಪ್ಪು ಗಿಪ್ಪು ಸೇರಿ ಕಲ್ಲಾಯಿತು. ಆಮೇಲೆ ತಳ ಮೇಲೆದ್ದಿತು. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತು ಕೊಂಚ ಹುಳಿಯಾದ ಮಳೆನೀರು ಕಲ್ಲನ್ನು ಹನಿಹನಿಯಾಗಿ ಕರಗಿಸುತ್ತಾ ಬಂತು. ಕೊನೆಗೆ ಸಮುದ್ರ ಏರಿ ಕಣಿವೆಗಳು ಮುಳುಗಿದವು, ತುದಿಗಳು ಉಳಿದವು. "ಒಂದು ಕುಳಿ ಹೊಡೆದಿಲ್ಲ, ಒಂದು ಮದ್ದು ಇಟ್ಟಿಲ್ಲ. ಬರೀ ಮಳೆ ಮಾಡಿದ ಕೆಲಸ ಸಾರ್" ಅಂದರು.

ಅಣ್ಣಯ್ಯ ಮಾತ್ರ ಕಂಬಿ ಹಿಡಿದು ನಿಂತೇ ಇದ್ದರು. ಒಂದು ಬೆಟ್ಟವನ್ನು ಬುಡದಿಂದ ತುದಿವರೆಗೆ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಚಾಮುಂಡಿಗೆ ಕೈ ಮುಗಿಯೋ ಹಾಗೆ ಏನೋ ಸ್ತೋತ್ರ ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ ಲೆಕ್ಕ.

"ಇದೊಂದ್ರಲ್ಲೇ ಹತ್ ಸಾವ್ರ ಲೋಡ್ ಬತ್ತದೆ ಸಾ. ಹನ್ನೆಲ್ಡು ಚಕ್ರದ ಟಿಪ್ಪರು. ಇಂಥವು ಸಾವ್ರದಾರ್ನೂರು! ಸುಮ್ಕೆ ನಿಲ್ಸ್ಕಂಡವ್ರಲ್ಲಾ, ಇವ್ರ್ಗೇನ್ ತಲೆ ಕೆಟ್ಟದಾ?"

"ಇದು ಸುಣ್ಣಕಲ್ಲು ಅಣ್ಣಯ್ಯ. ಜಲ್ಲಿಗೆ ನಮ್ಮ ಕಡೆ ಕಲ್ಲಿನಷ್ಟು ಗಟ್ಟಿ ಬರೋದಿಲ್ಲ" ಅಂದರು ಎಂಜಿನಿಯರ್.

"ಜಲ್ಲಿಗ್ ಬ್ಯಾಡ ಬುಡಿ ಸಾ. ಸಿಮೆಂಟಿಗ್ ಆಯ್ತದಲ್ಲಾ."

ಅದಕ್ಕೆ ಉತ್ತರ ಇರಲಿಲ್ಲ. ಆಗುತ್ತದೆ. ವಿಯೆಟ್ನಾಂನವರಿಗೂ ಅದು ಗೊತ್ತು. ಕೊಲ್ಲಿ ಇರುವ ಕ್ವಾಂಗ್ ನಿನ್ ಪ್ರಾಂತ್ಯವೇ ಆ ದೇಶದ ಕಲ್ಲಿದ್ದಲ ಗಣಿಗಳ ತವರು, ಸಿಮೆಂಟ್ ಕಾರ್ಖಾನೆಗಳೂ ಇವೆ. ಅವರೇನು ಋಷಿಮುನಿಗಳಲ್ಲ. ಆದರೆ ಯಾವ ಬೆಟ್ಟದ ಮುಂದೆ ಕೈ ಕಟ್ಟಿ ನಿಲ್ಲಬೇಕು ಅಂತ ಒಂದು ಗೆರೆ ಎಳೆದುಕೊಂಡಿದ್ದಾರೆ. 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. 2000ದಲ್ಲಿ ಭೂವಿಜ್ಞಾನದ ಲೆಕ್ಕದಲ್ಲಿ ಇನ್ನೊಂದು ಸಲ. 2023ರಲ್ಲಿ ಪಕ್ಕದ ಕ್ಯಾಟ್ ಬಾ ದ್ವೀಪಗಳನ್ನೂ ಜೊತೆಗೆ ಸೇರಿಸಿಕೊಂಡರು.

ಗೈಡ್ ಹುಡುಗಿ ಇದನ್ನೆಲ್ಲ ಹೇಳುವಾಗ ಅಣ್ಣಯ್ಯ ಕೈ ಎತ್ತಿದರು. "ಇದ್ರ ಲೀಸು ಯಾರ್ ಹೆಸರ್ನಲ್ಲದೆ ಕೇಳಿ ಸಾ" ಅಂದರು. ಎಂಜಿನಿಯರ್ ಇಂಗ್ಲಿಷಿನಲ್ಲಿ ಕೇಳಿದರು. ಇದು ಇಡೀ ಪ್ರಪಂಚದ ಆಸ್ತಿ ಅಂತ ಹುಡುಗಿ ನಕ್ಕಳು.

"ಪ್ರಪಂಚದ್ದು ಅಂದ್ರೆ ನಮ್ ಗೋಮಾಳ ಇದ್ದಂಗೆ. ಹಂಗಾದ್ರೆ ಒತ್ತುವರಿ ಆಗಿಲ್ವಾ ಇನ್ನೂ?"

ಇದನ್ನು ಎಂಜಿನಿಯರ್ ಇಂಗ್ಲಿಷಿಗೆ ತರಲಿಲ್ಲ. ಗೋಮಾಳಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ ಹೊಳೆಯಲಿಲ್ಲ ಅಂತ ಆಮೇಲೆ ಹೇಳಿದರು. ಹುಡುಗಿ ತನ್ನ ಪರ್ಸಿನಿಂದ 2,00,000 ಡಾಂಗ್ ನೋಟು ತೆಗೆದು ತೋರಿಸಿದಳು. ಗಾಬರಿಯಾಗಬೇಡಿ, ನಮ್ಮ ದುಡ್ಡಲ್ಲಿ ಆರುನೂರೋ ಏಳುನೂರೋ ಅಷ್ಟೆ. ನೋಟಿನ ಹಿಂದೆ ಅದೇ ಕೊಲ್ಲಿಯ ಒಂದು ಪುಟ್ಟ ಬೆಟ್ಟದ ಚಿತ್ರ, ಧೂಪದ ಪಾತ್ರೆಯ ಆಕಾರದ್ದು. ಬೆಟ್ಟವನ್ನು ನೋಟು ಮಾಡೋದು ನಮಗೂ ಗೊತ್ತು. ಅವರು ಒಡೆಯದೇ ಮಾಡಿದ್ದಾರೆ, ಅದೊಂದೇ ವ್ಯತ್ಯಾಸ.

ಟಿಟೋಪ್ ಅನ್ನೋ ದ್ವೀಪದಲ್ಲಿ ಇಳಿಸಿದರು. ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ 1962ರಲ್ಲಿ ಹೋ ಚಿ ಮಿನ್ ಜೊತೆ ಇಲ್ಲಿಗೆ ಬಂದಿದ್ದರಂತೆ, ಆ ನೆನಪಿಗೆ ಆ ಹೆಸರು. ತುದಿಗೆ ಸುಮಾರು 400 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹುಟ್ಟಿದಾಗಿನಿಂದ ಕಾರಿನ ಕಿಟಕಿಯಿಂದಲೇ ನೋಡಿದ ನಮ್ಮವರು, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀವಿ ಅಂತ ಏದುಸಿರು ಬಿಡುತ್ತಾ ಒಬ್ಬರೂ ಬಿಡದೆ ಹತ್ತಿದರು. ನಾನೂ ಹತ್ತಿದೆ. ಮೊಣಕಾಲು ಇನ್ನೂ ಹೇಳುತ್ತೆ.

ವಾಪಸ್ ಬೋಟಿಗೆ ಬಂದು ಎಲ್ಲರೂ ಕಾಲು ಚಾಚಿ ಕೂತಾಗ ಅಣ್ಣಯ್ಯ ಊರಿನ ಮಾತಿಗೆ ಬಂದರು. "ನಮ್ ಕಡೆ ಕೋರ್ಟು ಇಪ್ಪತ್ ಕಿಲೋಮೀಟ್ರು ಅಂತ ಗೆರೆ ಹಾಕ್ಬುಡ್ತಲ್ಲಾ ಸಾ, ಪಾಪ ಎಷ್ಟ್ ಜನ ಮಕಾಡೆ ಮಲಗುದ್ರು" ಅಂದರು. ಹೌದು, 2024ರ ಜನವರಿಯಲ್ಲಿ ಹೈಕೋರ್ಟ್ ಹಾಗೆ ಹೇಳಿತು. ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯೋ ತನಕ ಕನ್ನಂಬಾಡಿ, ಅಂದರೆ ಕೆಆರ್‌ಎಸ್‌ನಿಂದ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಇಲ್ಲ. "ನಿಮ್ಮದು?" ಅಂದೆ. "ನಂದು ಇಪ್ಪತ್ತೊಂದ್ನೇ ಕಿಲೋಮೀಟ್ರು" ಅಂದರು, ತಾಯಾಣೆ ಅನ್ನೋ ಮುಖ ಮಾಡಿಕೊಂಡು.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಪಾಂಡವಪುರದ ಹತ್ತಿರ ಬೇಬಿ ಬೆಟ್ಟ ಅಂತ ಇದೆ. ದನಗಳ ಜಾತ್ರೆಗೆ ಹೆಸರಾದ ಜಾಗ. ಆಮೇಲೆ ಕಲ್ಲು ಕ್ವಾರಿಗೆ ಹೆಸರಾಯಿತು. ವರ್ಷ ವರ್ಷ ಹೆಸರಿಗೆ ತಕ್ಕಂತೆ ಚಿಕ್ಕದಾಗುತ್ತಾ ಬಂತು. ಅಸಲಿಗೆ ನಮ್ಮ ಸೀಮೆಯ ಹಳೇ ಬಂಡೆಗೆ ಅಂದಾಜು 300 ಕೋಟಿ ವರ್ಷ, ಹಾಲಾಂಗ್ ಕಲ್ಲಿನ ಹತ್ತರಷ್ಟು. ವಯಸ್ಸಿನ ಲೆಕ್ಕ ಹಿಡಿದರೆ ಬೇಬಿ ಅನ್ನಬೇಕಾದ್ದು ಅವರ ಬೆಟ್ಟವನ್ನ.

ಈ ಕ್ವಾರಿಗಳ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯ ಇದೆಯಾ ಅನ್ನೋದು ಹಳೇ ಪ್ರಶ್ನೆ. ಉತ್ತರ ಹುಡುಕೋದಕ್ಕೆ ನಮ್ಮವರು ಕಂಡುಕೊಂಡ ದಾರಿಗೆ ಟ್ರಯಲ್ ಬ್ಲಾಸ್ಟ್ ಅಂತ ಹೆಸರು. ಅಂದರೆ ಬೆಟ್ಟದಲ್ಲಿ ಮದ್ದು ಇಟ್ಟು ಸಿಡಿಸಿ ಕಟ್ಟೆ ನಡುಗುತ್ತಾ ಅಂತ ಅಳೆಯೋದು. ನಡುಗದಿದ್ದರೆ ಸಂತೋಷ, ಕ್ವಾರಿ ನಡೆಯಲಿ. ನಡುಗಿದರೆ? ನಡುಗಿತು ಅಂತ ಗೊತ್ತಾಗುತ್ತೆ. ಬಣವೆಗೆ ಬೆಂಕಿ ಹತ್ತುತ್ತಾ ಅಂತ ನೋಡಲು ಕಡ್ಡಿ ಗೀರಿದ ಹಾಗೆ. 2022ರಲ್ಲಿ ತಜ್ಞರು ಬಂದರು, ರೈತರು ಅಡ್ಡ ನಿಂತರು, ತಜ್ಞರು ವಾಪಸ್ ಹೋದರು. 2024ರ ಜುಲೈನಲ್ಲಿ ಮತ್ತೆ ಅದೇ ಮಾತು, ಮತ್ತೆ ಅದೇ ರೈತರು. ಸಣ್ಣ ಪ್ರಮಾಣದ ಮದ್ದು, ಕಂಪನ ಅಳೆಯೋ ಯಂತ್ರ, ಇದಕ್ಕೆಲ್ಲ ಒಂದು ಶಾಸ್ತ್ರ ಇದೆ ಅಂತ ಎಂಜಿನಿಯರ್ ನನಗೆ ಬಿಡಿಸಿ ಹೇಳಿದರು. ಇರಲಿ. ಆದರೆ ಕಟ್ಟೆ ಕೆಳಗೆ ಗದ್ದೆ ಮಾಡೋನಿಗೆ ಶಾಸ್ತ್ರಕ್ಕಿಂತ ಮೊದಲು ಕೇಳಿಸೋದು ಸದ್ದು.

"ಆ ಕಟ್ಟೆಗೆ ಸಿಮೆಂಟು ಹಾಕಿಲ್ಲ ಅಣ್ಣಯ್ಯ" ಅಂದರು ಎಂಜಿನಿಯರ್. ಅವರ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. "ಸುರ್ಕಿ ಗಾರೆ. ಸುಟ್ಟ ಸುಣ್ಣ, ಇಟ್ಟಿಗೆ ಪುಡಿ. 1911ರಲ್ಲಿ ಶುರು ಮಾಡಿ ಇಪ್ಪತ್ತು ವರ್ಷ ಕಟ್ಟಿದ್ದು. ಈ ಬೆಟ್ಟ ಇದೆಯಲ್ಲ, ಇದೇ ಜಾತಿಯ ಕಲ್ಲು ಸುಟ್ಟರೆ ಬರೋದು ಆ ಸುಣ್ಣ. ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿರೋದು ಅದು."

"ಅದ್ಕೇ ಅಷ್ಟ್ ಗಟ್ಟಿ ಅದೆ" ಅಂದರು ಅಣ್ಣಯ್ಯ, ತುಂಬಾ ಖುಷಿಯಿಂದ. "ಒಂದೆಲ್ಡು ಬ್ಲಾಸ್ಟಿಗೆಲ್ಲ ಏನೂ ಆಗಕಿಲ್ಲ ಬುಡಿ."

ಸಂಜೆ ಮೇಲ್ಮಹಡಿಯಲ್ಲಿ ಸನ್‌ಸೆಟ್ ಪಾರ್ಟಿ. ಹಣ್ಣು, ಕೇಕು, ಸಣ್ಣ ಲೋಟದಲ್ಲಿ ದ್ರಾಕ್ಷಿ ರಸ. ಅಣ್ಣಯ್ಯನಿಗೆ ಎರಡನೇ ಲೋಟಕ್ಕೆ ಯೋಜನೆ ಹೊಳೆಯಿತು.

"ಕನ್ನಂಬಾಡಿ ಹಿನ್ನೀರ್ನಲ್ಲಿ ಇಂಥದ್ದೇ ಒಂದ್ ಮಾಡುಸ್ಬೇಕು ಸಾ. ಕ್ರೂಸ್ ಬುಡ್ಬೇಕು."

"ಬೆಟ್ಟ ಎಲ್ಲಿದೆ ಅಣ್ಣಯ್ಯ?"

"ಫೈಬರ್ ಸಾ! ದಸರಾ ಟ್ಯಾಬ್ಲೋ ಮಾಡೋ ಹುಡುಗ್ರಿಗ್ ಹೇಳುದ್ರೆ ನೂರು ಬೆಟ್ಟ ಮಾಡ್ಕೊಡ್ತಾರೆ. ಒಳೀಕೆ ಲೈಟು. ಕಲರ್ ಕಲರ್."

ನಾನು ನಗಲಿಲ್ಲ. ನಗೋ ಧೈರ್ಯ ಬರಲಿಲ್ಲ. ಬೃಂದಾವನಕ್ಕೆ ಡಿಸ್ನಿಲ್ಯಾಂಡ್ ತರುತ್ತೇವೆ ಅಂತ ಸರ್ಕಾರದವರೇ ಹೇಳಿದ ಸೀಮೆ ನಮ್ಮದು. ಇಲ್ಲಿ ಇವತ್ತಿನ ತಮಾಷೆ ನಾಳೆ ಸರ್ಕಾರದ ಯೋಜನಾ ವರದಿ. ಕಣ್ಣ ಮುಂದೆ ಎಲ್ಲ ಬಂದುಹೋಯಿತು. ಮೊದಲು ಒಂದು ಸಮಿತಿ. ಸಮಿತಿಗೆ ಹಾಲಾಂಗ್‌ಗೆ ಅಧ್ಯಯನ ಪ್ರವಾಸ, ಕುಟುಂಬ ಸಮೇತ. ಬಂದ ಮೇಲೆ ಬೆಟ್ಟ ಮಾಡಲು ಟೆಂಡರ್. ಅದೇ ಹೊತ್ತಿಗೆ ಪಕ್ಕದ ತಾಲೂಕಿನಲ್ಲಿ ಬೆಟ್ಟ ಒಡೆಯಲು ಇನ್ನೊಂದು ಟೆಂಡರ್. ಎರಡಕ್ಕೂ ಅರ್ಜಿ ಹಾಕುವವರು ಒಬ್ಬರೇ ಆದರೆ ಓಡಾಟ ಉಳಿಯುತ್ತೆ.

"ಕಟ್ಟೆ ಪೂರ್ತಿ 124.80 ಅಡಿ ತುಂಬಿದ ವರ್ಷ ಸರಿ. ಮಳೆ ಕೈಕೊಟ್ಟ ವರ್ಷ?" ಅಂದರು ಎಂಜಿನಿಯರ್. "ನೀರು ಇಳಿದರೆ ನಿಮ್ಮ ಫೈಬರ್ ಬೆಟ್ಟದ ಬುಡದಲ್ಲಿರೋ ಕಬ್ಬಿಣದ ಸ್ಟ್ಯಾಂಡ್ ಕಾಣುತ್ತೆ."

ಅಣ್ಣಯ್ಯ ಒಂದು ಕ್ಷಣವೂ ಯೋಚಿಸಲಿಲ್ಲ. "ಆ ವರ್ಸ ಜೀಪ್ ಸಫಾರಿ ಸಾ."

ಅಣ್ಣಯ್ಯನನ್ನು ಆಡಿಕೊಳ್ಳೋದು ಸುಲಭ. ನಾನು ಹನೋಯ್‌ಗೆ ವಾಪಸ್ ಬರೋ ಬಸ್ಸಿನಲ್ಲಿ ಅದನ್ನೇ ಮಾಡಿಕೊಂಡು ಬಂದೆ. ಆಮೇಲೆ ನನ್ನ ಹೆಂಡತಿ, "ನಮ್ಮನೆ ಮೇಲಿನ ಮಹಡಿ ಮೋಲ್ಡಿಗೆ ಜಲ್ಲಿ ಎಲ್ಲಿಂದ ಬಂತು ಹೇಳಿ?" ಅಂದಳು. ಮುಕ್ಕಾಲು ಇಂಚಿನದು ನಾಲ್ಕು ಲೋಡು. ಎಂ-ಸ್ಯಾಂಡ್ ಬೇರೆ. ಅವತ್ತು ನಾನು ಕೇಳಿದ್ದು ಒಂದೇ ಪ್ರಶ್ನೆ, ಸ್ವಲ್ಪ ಕಡಿಮೆ ಮಾಡ್ತೀರಾ ಅಂತ. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡೆ.

ಹೋದ ತಿಂಗಳು ಅಣ್ಣಯ್ಯನ ಹೊಸ ಮನೆ ಗೃಹಪ್ರವೇಶ. ಇಡೀ ಕ್ರೂಸ್ ಗುಂಪನ್ನೇ ಕರೆದಿದ್ದರು. ಮೂರು ಅಂತಸ್ತು, ಮೇಲೆ ಜಕುಜಿಯೂ ಇದೆ. ಹಾಲ್‌ನೊಳಗೆ ಕಾಲಿಟ್ಟರೆ ಎದುರಿನ ಗೋಡೆ ತುಂಬಾ ಹಾಲಾಂಗ್ ಕೊಲ್ಲಿ. ಅಣ್ಣಯ್ಯ ತಾವೇ ತೆಗೆದ ಫೋಟೋ, ನೆಲದಿಂದ ಸೂರಿನವರೆಗೆ. ಹಸಿರು ನೀರು, ಮಂಜು, ಒಂದರ ಹಿಂದೆ ಒಂದು ಬೆಟ್ಟ. ಬಂದವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎಂಜಿನಿಯರ್ ಮಾತ್ರ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಮನೆ ಪ್ಲಾನ್ ಅವರೇ ನೋಡಿಕೊಟ್ಟಿದ್ದಂತೆ. "ಇಲ್ಲಿ ಒಂದು ದೊಡ್ಡ ಕಿಟಕಿ ಇತ್ತಲ್ಲ ಅಣ್ಣಯ್ಯ?"

"ಇತ್ತು ಸಾ. ಬೆಟ್ಟದ್ ಕಡೀಕೆ. ತಗುದ್ರೆ ಸಾಕು, ಬರೀ ಧೂಳು. ಮುಚ್ಚುಸ್ಬುಟ್ಟೆ. ಬನ್ನಿ ಬನ್ನಿ, ಎಲೆ ಹಾಕವ್ರೆ."